ವಲ್ನರಬಲ್ ಅಂದರೆ ದುರ್ಬಲವೇ?

ಕಳೆದ ವರ್ಷ ಇಂಗ್ಲಿಷ್ ವರದಿಯೊಂದನ್ನು ಕನ್ನಡಕ್ಕೆ ತರುವ ಕೆಲಸ ನನಗೆ ಸಿಕ್ಕಿತ್ತು. ಬುಡಕಟ್ಟು ಜನರ ಬದುಕಿನ ಬಗೆಗಿನ ವರದಿ. ಮೊದಲ ಪುಟದಲ್ಲೇ ‘ವಲ್ನರಬಲ್’ ಎಂಬ ಪದ ನಾಲ್ಕು ಸಲ ಬಂದಿತ್ತು. ಹೆಚ್ಚು ಯೋಚಿಸದೆ ‘ದುರ್ಬಲ’ ಎಂದು ಬರೆದೆ. ಮರುದಿನ ಓದಿದಾಗ ಏನೋ ತಪ್ಪಿದೆ ಅನ್ನಿಸಿತು. ಒಬ್ಬರಿಗೆ ಬಲವಿಲ್ಲ ಎನ್ನುವುದೂ ಅವರಿಗೆ ಪೆಟ್ಟು ಬೀಳಬಹುದು ಎನ್ನುವುದೂ ಒಂದೇ ಮಾತೇ? ಅಲ್ಲಿಂದ ಈ ಪದದ ಬೆನ್ನುಹತ್ತಿದೆ.

ಇದರ ಬೇರು ಲ್ಯಾಟಿನ್ನಿನ ‘ವಲ್ನಸ್’. ಹಾಗೆಂದರೆ ಗಾಯ. ಅದರಿಂದ ‘ವಲ್ನೆರಾರೆ’, ಗಾಯಗೊಳಿಸು. 17ನೇ ಶತಮಾನದ ಆರಂಭದ ಹೊತ್ತಿಗೆ ಇಂಗ್ಲಿಷಿನಲ್ಲಿ ಇದು ಬಳಕೆಗೆ ಬಂತು. ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ ಕೊನೆಯ ಕಾಳಗದಲ್ಲಿ ಈ ಪದವಿದೆ. ತನ್ನನ್ನು ಯಾರೂ ಕೊಲ್ಲಲಾರರು ಎಂದು ನಂಬಿದ ಮ್ಯಾಕ್‌ಬೆತ್, ಗಾಯವಾಗಬಲ್ಲವರ ಮೇಲೆ ಕತ್ತಿ ಬೀಸು ಹೋಗು ಎಂದು ಎದುರಾಳಿಯನ್ನು ಹಂಗಿಸುತ್ತಾನೆ. ಅಲ್ಲಿ ಪದದ ಅರ್ಥ ಅಕ್ಷರಶಃ ಮೈಗೆ ಸಂಬಂಧಿಸಿದ್ದು: ಕತ್ತಿ ತಗುಲಿದರೆ ರಕ್ತ ಬರುವ ಮೈ. ಇನ್ನೊಂದು ವಿಚಿತ್ರವೂ ಇದೆ. ಮೊದಮೊದಲು ಈ ಪದಕ್ಕೆ ‘ಗಾಯ ಮಾಡಬಲ್ಲ’ ಎಂಬ ಅರ್ಥವೂ ಅಪರೂಪಕ್ಕೆ ಇತ್ತು. ಹೊಡೆಯುವವನೂ ಹೊಡೆಸಿಕೊಳ್ಳುವವನೂ ಒಂದೇ ಪದದೊಳಗಿದ್ದರು. ಕ್ರಮೇಣ ಹೊಡೆಯುವವನು ಹೊರಗೆ ಹೋದ.

ಆಮೇಲಿನ ಪಯಣ ಸ್ವಾರಸ್ಯಕರ. ಕಾಂಟ್ರಾಕ್ಟ್ ಬ್ರಿಡ್ಜ್ ಎಂಬ ಇಸ್ಪೀಟಾಟದಲ್ಲಿ ಒಂದು ಗೇಮ್ ಗೆದ್ದ ಜೋಡಿಯನ್ನೇ ‘ವಲ್ನರಬಲ್’ ಎನ್ನುತ್ತಾರೆ. ಮುಂದೆ ಸೋತರೆ ಅವರಿಗೆ ದಂಡ ಹೆಚ್ಚು. 1925ರಲ್ಲಿ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಹಡಗಿನ ಪ್ರಯಾಣವೊಂದರಲ್ಲಿ ಈ ಆಟದ ಲೆಕ್ಕಾಚಾರವನ್ನು ರೂಪಿಸಿದಾಗ, ಸಹಪ್ರಯಾಣಿಕಳಾಗಿದ್ದ ಯುವತಿಯೊಬ್ಬಳು ಈ ಪದ ಸೂಚಿಸಿದಳಂತೆ. ಅಲ್ಲಿ ಅದು ಗೆದ್ದವರ ಸ್ಥಿತಿ, ದುರ್ಬಲರದ್ದಲ್ಲ. ಕಂಪ್ಯೂಟರ್ ಲೋಕದಲ್ಲಿ ಈ ಪದದ ನಾಮರೂಪಕ್ಕೆ ತಂತ್ರಾಂಶದಲ್ಲಿ ಉಳಿದ ಬಿರುಕು ಎಂದರ್ಥ. 1999ರಿಂದ ಇಂಥ ಬಿರುಕುಗಳಿಗೆ ಸಂಖ್ಯೆ ಕೊಟ್ಟು ಪಟ್ಟಿ ಮಾಡಲಾಗುತ್ತಿದೆ. ಬಿರುಕು ಬಿಟ್ಟವರು ಯಾರು, ಮುಚ್ಚಬೇಕಾದವರು ಯಾರು ಎಂದು ಅಲ್ಲಿ ತಪ್ಪದೆ ಕೇಳುತ್ತಾರೆ.

ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ಈ ಪ್ರಶ್ನೆ ಮರೆತುಹೋಗುತ್ತದೆ.

ನನ್ನ ವರದಿಯಲ್ಲಿದ್ದದ್ದು ಇಂಥದೇ ಪ್ರಸಂಗ. ನಮ್ಮ ದೇಶದಲ್ಲಿ 75 ಬುಡಕಟ್ಟು ಗುಂಪುಗಳನ್ನು ಸರ್ಕಾರ ವಿಶೇಷ ವರ್ಗವಾಗಿ ಗುರುತಿಸಿದೆ. ಮೊದಲು ಅವರನ್ನು ಇಂಗ್ಲಿಷಿನಲ್ಲಿ ‘ಪ್ರಿಮಿಟಿವ್’, ಅಂದರೆ ಆದಿಮ, ಎನ್ನುತ್ತಿದ್ದರು. 2006ರಲ್ಲಿ ಆ ಅವಮಾನಕರ ಪದ ಹೋಗಿ ‘ಪರ್ಟಿಕ್ಯುಲರ್ಲಿ ವಲ್ನರಬಲ್’ ಬಂತು. ಕರ್ನಾಟಕದಿಂದ ಆ ಪಟ್ಟಿಯಲ್ಲಿರುವವರು ಕೊರಗರು ಮತ್ತು ಜೇನು ಕುರುಬರು.

ಕೊರಗರು ದುರ್ಬಲರೇ? ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುತ್ತಿದ್ದ ಅಜಲು ಪದ್ಧತಿ ಕರಾವಳಿಯಲ್ಲಿತ್ತು. ಕಂಬಳಕ್ಕೆ ಮುಂಚೆ ಅವರನ್ನು ಕೋಣಗಳಂತೆ ಓಡಿಸುತ್ತಿದ್ದರು. ಇದನ್ನು ನಿಷೇಧಿಸಲು 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಆ ಅನ್ನ ಕಲಸಿದ ಕೈ ಯಾರದ್ದು? ‘ದುರ್ಬಲ’ ಎಂದೊಡನೆ ಆ ಕೈ ಕಾಣೆಯಾಗುತ್ತದೆ. ಕೊರತೆ ಕೊರಗರ ಮೈಯಲ್ಲೇ ಇದ್ದಂತೆ ಕೇಳಿಸುತ್ತದೆ. ಇಂಗ್ಲಿಷ್ ಪದದಲ್ಲಿ ಕಡೇಪಕ್ಷ ಗಾಯದ ನೆನಪಾದರೂ ಉಳಿದಿದೆ. ನನ್ನ ಅನುವಾದ ಅದನ್ನೂ ಅಳಿಸಿತ್ತು.

ಹಾಗೆಂದು ಕನ್ನಡಕ್ಕೆ ಈ ತಿಳಿವಳಿಕೆ ಇಲ್ಲವೆಂದಲ್ಲ. ಪೆಟ್ಟು ಬಿದ್ದರೆ ಪ್ರಾಣಕ್ಕೇ ತಾಗುವ ಜಾಗಕ್ಕೆ ‘ಮರ್ಮ’ ಎನ್ನುತ್ತೇವೆ. ಎಂಥ ಬಲಶಾಲಿಗೂ ಅದು ಇದ್ದೇ ಇರುತ್ತದೆ. ‘ಬಗ್ಗಿದವನಿಗೆ ಗುದ್ದು ಹೆಚ್ಚು’ ಎಂಬ ಗಾದೆಯಲ್ಲಿ ಬಗ್ಗಿದವನ ಜೊತೆಗೆ ಗುದ್ದೂ ಇದೆ. ಗುದ್ದು ಇದ್ದ ಮೇಲೆ ಗುದ್ದುವವನೂ ಇರಲೇಬೇಕು.

ಸರ್ಕಾರಿ ಹೆಸರನ್ನು ಬದಲಿಸುವ ಅಧಿಕಾರ ನನಗಿರಲಿಲ್ಲ. ಅದನ್ನು ಇದ್ದಂತೆಯೇ ಬಿಟ್ಟೆ. ಉಳಿದೆಡೆ ‘ದುರ್ಬಲ’ವನ್ನು ಹೊಡೆದುಹಾಕಿ, ಪ್ರತಿ ವಾಕ್ಯದಲ್ಲೂ ಯಾರಿಂದ, ಯಾವುದರಿಂದ ಪೆಟ್ಟು ಎಂದು ಹುಡುಕಿ ಬರೆದೆ. ಭೂಮಿ ಕಳೆದುಕೊಂಡವರು, ಕಾಡಿನಿಂದ ಹೊರಹಾಕಲ್ಪಟ್ಟವರು, ಕೂಲಿಯಲ್ಲಿ ಮೋಸಹೋದವರು. ವಾಕ್ಯಗಳು ಉದ್ದವಾದವು, ವರದಿ ಎರಡು ಪುಟ ಬೆಳೆಯಿತು. ಕೆಲವು ಕಡೆ ಮೂಲದಲ್ಲೇ ಉತ್ತರ ಇರಲಿಲ್ಲ. ಆ ಜಾಗಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ‘ಯಾರಿಂದ?’ ಎಂದು ಬರೆದು ಕಳಿಸಿದೆ.