ತಲೆ ಮತ್ತು ಬೆನ್ನುಹುರಿಯ ಪೆಟ್ಟಿಗೆ ಸ್ಟೆರಾಯ್ಡ್ ಚಿಕಿತ್ಸೆ: ಚರಿತ್ರೆ

ತಲೆಗೆ ಇಲ್ಲವೆ ಬೆನ್ನುಮೂಳೆಗೆ ಬಲವಾದ ಪೆಟ್ಟು ಬಿದ್ದವರಿಗೆ, ಒಳಗಿನ ಬಾವು ಇಳಿಯಲೆಂದು ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚಿನ ಪ್ರಮಾಣದ ಕಾರ್ಟಿಕೊಸ್ಟೆರಾಯ್ಡ್ ಕೊಡುವ ಪದ್ಧತಿ. 1960ರ ದಶಕದಲ್ಲಿ ಶುರುವಾಗಿ ಹತ್ತಿರ ಹತ್ತಿರ ನಲವತ್ತು ವರ್ಷ ಬಹಳಷ್ಟು ದೇಶಗಳ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಬಳಕೆಯಲ್ಲಿತ್ತು. ತಲೆಪೆಟ್ಟಿನ ಮಟ್ಟಿಗೆ 2004ರಲ್ಲಿ ಇದಕ್ಕೆ ತೆರೆ ಬಿತ್ತು. ಬೆನ್ನುಹುರಿಯ ಮಟ್ಟಿಗೆ ವಿವಾದ ಇನ್ನೂ ಉಳಿದಿದೆ.

ಮಿದುಳು ಕೂತಿರುವುದು ಹಿಗ್ಗದ ಮೂಳೆಯ ಗೂಡಿನಲ್ಲಿ. ಅದರೊಳಗೆ ರಕ್ತವೋ ನೀರೋ ಹೆಚ್ಚಾದರೆ ಬೇರೊಂದು ಜಾಗ ಬಿಡಬೇಕು, ಇಲ್ಲವೇ ಒತ್ತಡ ಏರಬೇಕು. ಸ್ಕಾಟ್ಲೆಂಡಿನ ಅಲೆಗ್ಸಾಂಡರ್ ಮನ್ರೊ 1783ರಲ್ಲಿ ಇದನ್ನು ಹೇಳಿದ. ಜಾರ್ಜ್ ಕೆಲ್ಲಿ 1824ರಲ್ಲಿ ಬೆಂಬಲಿಸಿದ. ಬೆನ್ನುಹುರಿಯ ಕಥೆಯೂ ಹೆಚ್ಚುಕಡಿಮೆ ಇದೇ. ಪೆಟ್ಟು ಬಿದ್ದ ಕ್ಷಣದಲ್ಲಿ ಆಗುವ ಹಾನಿಯಲ್ಲದೆ, ಆಮೇಲೆ ಗಂಟೆಗಟ್ಟಲೆ ಮುಂದುವರಿಯುವ ಎರಡನೆಯ ಹಾನಿಯೊಂದಿದೆ ಎಂಬ ಊಹೆಗೆ ಪ್ರಯೋಗದ ಆಧಾರ ಒದಗಿಸಿದವನು ಅಮೆರಿಕದ ಆಲ್‌ಫ್ರೆಡ್ ರೆಜಿನಾಲ್ಡ್ ಆಲೆನ್. 1911ರಲ್ಲಿ ಅವನು ನಾಯಿಗಳ ಬೆನ್ನುಹುರಿಯ ಮೇಲೆ ಗೊತ್ತಾದ ತೂಕವನ್ನು ಗೊತ್ತಾದ ಎತ್ತರದಿಂದ ಬೀಳಿಸಿ ನೋಡಿದ. ಒಳಗೆ ಕಟ್ಟಿದ ರಕ್ತವನ್ನು ಬೇಗ ಹೊರಬಿಟ್ಟ ನಾಯಿಗಳು ಹೆಚ್ಚು ಚೇತರಿಸಿಕೊಂಡವು. ಮೊದಲ ಹಾನಿಯನ್ನು ವೈದ್ಯ ತಡೆಯಲಾರ, ಎರಡನೆಯದನ್ನಾದರೂ ತಡೆಯಬಹುದು: ಮುಂದಿನ ನೂರು ವರ್ಷದ ತುರ್ತು ನರಚಿಕಿತ್ಸೆ ನಿಂತಿರುವುದು ಈ ಆಸೆಯ ಮೇಲೆ.

ಸ್ಟೆರಾಯ್ಡ್ ಬಂದದ್ದು ಬೇರೆ ದಾರಿಯಿಂದ. ಮೇಯೊ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಮತ್ತು ಎಡ್ವರ್ಡ್ ಕೆಂಡಲ್, ಕಾರ್ಟಿಸೋನ್ ಕೊಟ್ಟರೆ ಹಾಸಿಗೆ ಹಿಡಿದ ಸಂಧಿವಾತದ ರೋಗಿಗಳು ಎದ್ದು ನಡೆಯುತ್ತಾರೆಂದು 1949ರಲ್ಲಿ ತೋರಿಸಿದರು. ಮರುವರ್ಷವೇ ನೊಬೆಲ್ ಬಂತು. 1961ರಲ್ಲಿ ಮಿನಸೋಟದ ಜೋಸೆಫ್ ಗ್ಯಾಲಿಸಿಚ್ ಮತ್ತು ಲೈಲ್ ಫ್ರೆಂಚ್, ಮಿದುಳಿನ ಗಡ್ಡೆಯ ಸುತ್ತಲಿನ ಬಾವನ್ನು ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಇಳಿಸುತ್ತದೆಂದು ವರದಿ ಮಾಡಿದರು. ಮಂಪರಿನಲ್ಲಿದ್ದವರು ಒಂದೆರಡು ದಿನದಲ್ಲಿ ಮಾತಾಡತೊಡಗಿದ್ದನ್ನು ಕಣ್ಣಾರೆ ಕಂಡ ಶಸ್ತ್ರವೈದ್ಯರಿಗೆ ಹೆಚ್ಚಿನ ಪುರಾವೆ ಬೇಕೆನಿಸಲಿಲ್ಲ. ಗಡ್ಡೆಯ ಬಾವು ಇಳಿಯುವುದಾದರೆ ಪೆಟ್ಟಿನ ಬಾವೂ ಇಳಿಯಬೇಕಲ್ಲ! ತರ್ಕ ಸೊಗಸಾಗಿತ್ತು. ಆದರೆ ಗಡ್ಡೆಯ ಸುತ್ತ ನೀರು ಜಿನುಗುವುದು ಮುಖ್ಯವಾಗಿ ಸೋರುವ ರಕ್ತನಾಳಗಳಿಂದ. ಪೆಟ್ಟು ತಿಂದ ಮಿದುಳಿನಲ್ಲಿ ಬಹುಪಾಲು ಜೀವಕೋಶಗಳೇ ನೀರು ಹೀರಿ ಊದಿಕೊಳ್ಳುತ್ತವೆ. ಈ ವ್ಯತ್ಯಾಸಕ್ಕೆ ತಕ್ಕ ಬೆಲೆ ಸಿಕ್ಕದ್ದು ತಡವಾಗಿ.

ಪರೀಕ್ಷಿಸಲು ಅಳತೆಗೋಲೂ ಇರಲಿಲ್ಲ. ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಸಿ.ಟಿ. ಸ್ಕ್ಯಾನ್ ನಡೆದದ್ದು 1971ರ ಅಕ್ಟೋಬರ್ 1ರಂದು. ಗ್ಲಾಸ್ಗೋದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್, ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ಈ ಮೂರನ್ನೇ ನೋಡಿ ಪ್ರಜ್ಞೆಯ ಆಳ ಅಳೆಯುವ ಮಾನಕವನ್ನು ಪ್ರಕಟಿಸಿದ್ದು 1974ರಲ್ಲಿ. ಇಂದು 3ರಿಂದ 15ರವರೆಗೆ ಅಂಕ ಕೊಡುವ ಆ ಮಾನಕದಿಂದಾಗಿ ಒಂದು ಊರಿನ ರೋಗಿಯನ್ನು ಇನ್ನೊಂದು ಊರಿನವನ ಜೊತೆ ಹೋಲಿಸುವುದು ಸಾಧ್ಯವಾಯಿತು. ದೊಡ್ಡ ಪ್ರಯೋಗಗಳಿಗೆ ನೆಲ ಹದವಾದದ್ದು ಹೀಗೆ.

ಬೆನ್ನುಹುರಿಯ ಮೇಲಿನ ಪ್ರಯೋಗಗಳು ಮೊದಲು ಬಂದವು. ಯೇಲ್ ವಿಶ್ವವಿದ್ಯಾಲಯದ ಮೈಕೆಲ್ ಬ್ರ್ಯಾಕನ್ ನೇತೃತ್ವದ ಈ ಸರಣಿಯನ್ನು ನ್ಯಾಸಿಸ್ ಎಂದು ಕರೆಯುತ್ತಾರೆ. 1984ರ ಮೊದಲ ಸುತ್ತಿನಲ್ಲಿ 330 ರೋಗಿಗಳಿಗೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಕೊಟ್ಟು, ದಿನಕ್ಕೆ 100 ಮಿಲಿಗ್ರಾಂ ಪಡೆದವರನ್ನು 1,000 ಮಿಲಿಗ್ರಾಂ ಪಡೆದವರೊಂದಿಗೆ ಹೋಲಿಸಿದರು. ಮದ್ದೇ ಪಡೆಯದ ಗುಂಪು ಇರಲಿಲ್ಲ. ನಂಬಿಕೆ ಅಷ್ಟು ಗಟ್ಟಿಯಾಗಿತ್ತು. ಚೇತರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಹೆಚ್ಚು ಪಡೆದವರ ಗಾಯ ಮಾತ್ರ ಹೆಚ್ಚಾಗಿ ಕೀವಾಯಿತು.

1990ರ ಎರಡನೆಯ ಸುತ್ತೇ ಗದ್ದಲದ ಮೂಲ. 487 ರೋಗಿಗಳು, ಮೂರು ಗುಂಪು: ಮೀಥೈಲ್‌ಪ್ರೆಡ್ನಿಸೊಲೋನ್, ನಲೋಕ್ಸೋನ್ ಎಂಬ ಇನ್ನೊಂದು ಮದ್ದು, ಹುಸಿಮದ್ದು. ಒಟ್ಟಾರೆ ಲೆಕ್ಕದಲ್ಲಿ ಸ್ಟೆರಾಯ್ಡಿಗೆ ಗೆಲುವು ಸಿಗಲಿಲ್ಲ. ಆದರೆ ಪೆಟ್ಟು ಬಿದ್ದು 8 ಗಂಟೆಯೊಳಗೆ ಮದ್ದು ಸಿಕ್ಕವರನ್ನು ಬೇರೆಯಾಗಿ ತೆಗೆದು ನೋಡಿದಾಗ, 70 ಅಂಕದ ಸ್ನಾಯುಬಲದ ಪಟ್ಟಿಯಲ್ಲಿ ಸುಮಾರು 5 ಅಂಕದ ಮೇಲುಗೈ ಕಂಡಿತು. ಆ ಸೀಳಿನಲ್ಲಿ ಉಳಿದವರು ಗುಂಪಿಗೆ ಎಪ್ಪತ್ತಕ್ಕೂ ಕಡಿಮೆ. ಲೆಕ್ಕ ಮುಗಿದ ಮೇಲೆ ಗೆರೆ ಎಳೆದು ಗೆಲುವು ಹುಡುಕುವುದು, ಗೋಡೆಗೆ ಬಾಣ ಹೊಡೆದು ಆಮೇಲೆ ಅದರ ಸುತ್ತ ಗುರಿಯ ವೃತ್ತ ಬರೆದಂತೆ. ಆದರೂ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಲೇಖನ ಅಚ್ಚಾಗುವ ಮೊದಲೇ ವೈದ್ಯರಿಗೆ ಸುದ್ದಿ ಮುಟ್ಟಿಸಿತು. ಬಲು ಬೇಗ 8 ಗಂಟೆಯೊಳಗೆ ಸ್ಟೆರಾಯ್ಡ್ ಕೊಡುವುದು ಕಟ್ಟುಕಟ್ಟಳೆಯಂತಾಯಿತು. 1997ರ ಮೂರನೆಯ ಸುತ್ತು 499 ಮಂದಿಯಲ್ಲಿ 24 ಗಂಟೆಯ ಡ್ರಿಪ್ಪನ್ನು 48 ಗಂಟೆಯದರೊಂದಿಗೆ ಹೋಲಿಸಿ, ತಡವಾಗಿ ಬಂದವರಿಗೆ 48 ಗಂಟೆ ಕೊಡಿ ಎಂದಿತು. ಜೊತೆಗೆ 48 ಗಂಟೆಯ ಗುಂಪಿನಲ್ಲಿ ನ್ಯುಮೋನಿಯಾ, ರಕ್ತದ ನಂಜು ಹೆಚ್ಚೆಂದೂ ಹೇಳಿತು. ಕೆನಡಾದಲ್ಲಿ 2002ರಲ್ಲಿ ಬಂದ ಸಮೀಕ್ಷೆಯೊಂದು ಶಸ್ತ್ರವೈದ್ಯರನ್ನು ಸ್ಟೆರಾಯ್ಡ್ ಯಾಕೆ ಕೊಡುತ್ತೀರಿ ಎಂದು ಕೇಳಿದಾಗ, ಸಹೋದ್ಯೋಗಿಗಳ ಒತ್ತಡ, ಕೋರ್ಟಿನ ಭಯ ಎಂಬ ಉತ್ತರಗಳು ಎದ್ದು ಕಂಡವು. ಈ ಚರಿತ್ರೆಯ ಅತ್ಯಂತ ಪ್ರಾಮಾಣಿಕ ದಾಖಲೆ ಬಹುಶಃ ಇದೇ.

ತಲೆಪೆಟ್ಟಿನ ವಿಷಯದಲ್ಲಿ 1997ರ ಹೊತ್ತಿಗೆ ಹದಿಮೂರು ಸಣ್ಣ ಪ್ರಯೋಗಗಳು ಸೇರಿ ಸುಮಾರು 2,000 ರೋಗಿಗಳ ಲೆಕ್ಕವಷ್ಟೇ ಇತ್ತು. ಸಾವು ನೂರಕ್ಕೆ ಒಂದೆರಡು ಕಡಿಮೆಯಾಗುತ್ತದೇನೋ, ಹೆಚ್ಚಾಗುತ್ತದೇನೋ, ಎರಡಕ್ಕೂ ಅದರಲ್ಲಿ ಜಾಗವಿತ್ತು. ಲಂಡನ್ನಿನ ಇಯಾನ್ ರಾಬರ್ಟ್ಸ್ ಮತ್ತು ಜೊತೆಗಾರರು 20,000 ಮಂದಿಯನ್ನು ಸೇರಿಸಿಕೊಳ್ಳಲು ಹೊರಟು, 1999ರಲ್ಲಿ ಕ್ರ್ಯಾಶ್ ಪ್ರಯೋಗ ಆರಂಭಿಸಿದರು. ನಿಯಮ ಸರಳ. ಪೆಟ್ಟು ಬಿದ್ದು 8 ಗಂಟೆಯೊಳಗೆ ಬಂದ, ಪ್ರಜ್ಞೆಯ ಅಂಕ 14 ಅಥವಾ ಕಡಿಮೆ ಇರುವ ವಯಸ್ಕರಿಗೆ 48 ಗಂಟೆ ಮೀಥೈಲ್‌ಪ್ರೆಡ್ನಿಸೊಲೋನ್ ಇಲ್ಲವೆ ಹುಸಿಮದ್ದು. ಯಾರಿಗೆ ಯಾವುದೆಂಬುದು ವೈದ್ಯರಿಗೂ ಗೊತ್ತಿಲ್ಲ. 49 ದೇಶಗಳ 239 ಆಸ್ಪತ್ರೆಗಳಿಂದ 10,008 ಮಂದಿ ಸೇರಿದ್ದಾಗ, 2004ರ ಮೇ ತಿಂಗಳಲ್ಲಿ ಮೇಲ್ವಿಚಾರಣಾ ಸಮಿತಿ ಅಂಕಿಗಳನ್ನು ತೆರೆದು ತೋರಿಸಿತು, ಪ್ರಯೋಗ ಅಲ್ಲಿಗೇ ನಿಂತಿತು. ಎರಡು ವಾರದೊಳಗೆ ಸತ್ತವರು ಸ್ಟೆರಾಯ್ಡ್ ಗುಂಪಿನಲ್ಲಿ ಶೇ. 21.1, ಹುಸಿಮದ್ದಿನ ಗುಂಪಿನಲ್ಲಿ ಶೇ. 17.9. ಆರು ತಿಂಗಳ ಲೆಕ್ಕವೂ (ಶೇ. 25.7 ಮತ್ತು 22.3) ಅದನ್ನೇ ಹೇಳಿತು. ನೂರಕ್ಕೆ ಮೂರು ಎಂಬುದು ಒಂದು ವಾರ್ಡಿನಲ್ಲಿ ಯಾರ ಕಣ್ಣಿಗೂ ಬೀಳುವ ವ್ಯತ್ಯಾಸವಲ್ಲ. ದಶಕಗಳ ಅನುಭವವುಳ್ಳ ವೈದ್ಯರಿಗೂ ಅದು ಕಾಣದೆ ಹೋದದ್ದು ಅದಕ್ಕೇ. ತಲೆಪೆಟ್ಟಿನ ಚಿಕಿತ್ಸೆಗೆ ಅಮೆರಿಕದ ಬ್ರೇನ್ ಟ್ರಾಮಾ ಫೌಂಡೇಶನ್ 2016ರಲ್ಲಿ ಹೊರತಂದ ನಾಲ್ಕನೆಯ ಮಾರ್ಗಸೂಚಿಯಲ್ಲಿ ಅತಿ ಗಟ್ಟಿ ದರ್ಜೆಯ ಶಿಫಾರಸು ಒಂದೇ ಒಂದು: ಹೆಚ್ಚಿನ ಪ್ರಮಾಣದ ಮೀಥೈಲ್‌ಪ್ರೆಡ್ನಿಸೊಲೋನ್ ಕೊಡಬೇಡಿ.

ಬೆನ್ನುಹುರಿಗೆ ಇಂಥ ತೀರ್ಪು ಬರಲಿಲ್ಲ. ಅಮೆರಿಕದ ನರಶಸ್ತ್ರವೈದ್ಯರ ಸಂಘಗಳು 2013ರಲ್ಲಿ ಬೇಡವೆಂದವು. ಎಓ ಸ್ಪೈನ್ ಸಂಘಟನೆ 2017ರಲ್ಲಿ, 8 ಗಂಟೆಯೊಳಗೆ ಬಂದವರಿಗೆ 24 ಗಂಟೆಯ ಡ್ರಿಪ್ ಒಂದು ಆಯ್ಕೆ ಎಂದಿತು. ಅಷ್ಟರಲ್ಲಿ ಗಮನ ಶಸ್ತ್ರಕ್ರಿಯೆಯ ಕಡೆಗೆ ಹೊರಳಿತ್ತು. ಕುತ್ತಿಗೆಯ ಮೂಳೆಯ ಒತ್ತನ್ನು 24 ಗಂಟೆಯೊಳಗೆ ತೆಗೆದವರಲ್ಲಿ ಚೇತರಿಕೆ ಹೆಚ್ಚೆಂದು 313 ರೋಗಿಗಳ ಅಧ್ಯಯನವೊಂದು 2012ರಲ್ಲಿ ಹೇಳಿತು. ಅದರಲ್ಲಿ ಗುಂಪುಗಳನ್ನು ಚೀಟಿ ಎತ್ತಿ ಆರಿಸಿರಲಿಲ್ಲ ಎಂಬುದನ್ನು ಮರೆಯಬಾರದು.

ಕ್ರ್ಯಾಶ್ ಕಟ್ಟಿದ ಆಸ್ಪತ್ರೆಗಳ ಜಾಲ ವ್ಯರ್ಥವಾಗಲಿಲ್ಲ. ಜಪಾನಿನ ಉಟಾಕೊ ಮತ್ತು ಶೊಸುಕೆ ಒಕಾಮೊಟೊ ದಂಪತಿ 1962ರಲ್ಲಿ ವರದಿ ಮಾಡಿದ್ದ ಟ್ರಾನೆಕ್ಸಾಮಿಕ್ ಆಮ್ಲ ಕಟ್ಟಿದ ರಕ್ತ ಕರಗದಂತೆ ತಡೆಯುತ್ತದೆ, ದುಬಾರಿಯೂ ಅಲ್ಲ. 2010ರ ಕ್ರ್ಯಾಶ್-2ರಲ್ಲಿ ರಕ್ತಸ್ರಾವದ ಗಾಯಾಳುಗಳಿಗೆ ಅದನ್ನು ಕೊಟ್ಟಾಗ ಸಾವು ಶೇ. 16.0ರಿಂದ 14.5ಕ್ಕೆ ಇಳಿಯಿತು. ಆ 20,211 ಮಂದಿಯಲ್ಲಿ ಯಾವ ದೇಶಕ್ಕಿಂತಲೂ ಹೆಚ್ಚು ಮಂದಿ ಭಾರತದವರು. ಮೂರು ಗಂಟೆ ದಾಟಿದ ಮೇಲೆ ಕೊಟ್ಟರೆ ಕೇಡೂ ಆಗಬಹುದೆಂದು ಅದೇ ಲೆಕ್ಕ ತೋರಿಸಿತು. ಹಳ್ಳಿಯಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಜಿಲ್ಲಾಸ್ಪತ್ರೆಗೆ, ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಎಂದು ತಲೆಪೆಟ್ಟಿನವರು ಸಾಗಿಬರುವ ಕರ್ನಾಟಕದಲ್ಲಿ, ಈ ಮೂರು ಗಂಟೆ ದೊಡ್ಡಾಸ್ಪತ್ರೆಗಿಂತ ಮೊದಲ ಆಸ್ಪತ್ರೆಗೂ 2008ರಲ್ಲಿ ಬಂದ 108 ಆಂಬುಲೆನ್ಸಿಗೂ ಸಂಬಂಧಿಸಿದ್ದು. ತಲೆಪೆಟ್ಟಿನವರನ್ನೇ ತೆಗೆದುಕೊಂಡ 2019ರ ಕ್ರ್ಯಾಶ್-3ರಲ್ಲಿ ಸಾವಿನ ಒಟ್ಟಾರೆ ವ್ಯತ್ಯಾಸ ಖಚಿತವಾಗಿರಲಿಲ್ಲ (ಮದ್ದು ಪಡೆದವರಲ್ಲಿ ಶೇ. 18.5, ಹುಸಿಮದ್ದಿನವರಲ್ಲಿ 19.8), ಸೌಮ್ಯ ಮತ್ತು ಮಧ್ಯಮ ಪೆಟ್ಟಿನವರಲ್ಲಿ ಲಾಭ ಕಂಡಿತು. ಈ ಸೀಳನ್ನು ಮೊದಲೇ ಯೋಜಿಸಿದ್ದರು, ನಿಜ. ಆದರೂ 1990ರ ನ್ಯಾಸಿಸ್ ಸುತ್ತನ್ನು ಬಲ್ಲವರು ಇದನ್ನು ತುಸು ಅನುಮಾನದಿಂದಲೇ ಓದಿದರು.

ಸ್ಟೆರಾಯ್ಡ್ ಮಿದುಳಿನ ತುರ್ತು ಚಿಕಿತ್ಸೆಯಿಂದ ಪೂರ್ತಿ ಹೊರಬಿದ್ದಿಲ್ಲ. ಕ್ರ್ಯಾಶ್ ಫಲಿತಾಂಶ ಅಚ್ಚಾದ 2004ರ ಅಕ್ಟೋಬರಿನಲ್ಲೇ ವಿಯೆಟ್ನಾಮಿನಿಂದ ಇನ್ನೊಂದು ವರದಿ ಬಂತು. ಮಿದುಳುಪೊರೆಯ ಕ್ಷಯದ 545 ರೋಗಿಗಳಲ್ಲಿ ಡೆಕ್ಸಾಮೆಥಾಸೋನ್ ಪಡೆದವರ ಸಾವು ಶೇ. 31.8, ಪಡೆಯದವರದು ಶೇ. 41.3. ಗಡ್ಡೆಯ ಬಾವಿಗೆ, ಕ್ಯಾನ್ಸರ್ ಹರಡಿ ಬೆನ್ನುಹುರಿ ಒತ್ತಿಹೋದಾಗ, ಈ ಕ್ಷಯಕ್ಕೆ ಇಂದಿಗೂ ಅದನ್ನು ಕೊಡುತ್ತಾರೆ, ತಲೆಪೆಟ್ಟಿಗೆ ಕೊಡುವುದಿಲ್ಲ.