ಬೈಲಕುಪ್ಪೆಯ ಫೋನ್ ಸಂಸಾರಗಳು

ಬೈಲಕುಪ್ಪೆಯ ಕಾಡು ಕಡಿದು ಟಿಬೆಟನ್ನರ ಮೊದಲ ಕ್ಯಾಂಪುಗಳು ಎದ್ದದ್ದು 1960–61ರ ಸುಮಾರಿಗೆ. ಆ ತಲೆಮಾರಿನ ಎಷ್ಟೋ ವಧೂವರರ ತಂದೆತಾಯಿ ಹಿಮಾಲಯದ ಆಚೆಯೇ ಉಳಿದಿದ್ದರು. ಮಗಳ ಮದುವೆಯ ಸುದ್ದಿ ಅವರಿಗೆ ಮುಟ್ಟುವ ದಾರಿ ಇರಲಿಲ್ಲ. ಹೆತ್ತವರ ಜಾಗದಲ್ಲಿ ಕ್ಯಾಂಪಿನ ಹಿರಿಯರೇ ಕೂತು, ಬಿಳಿ ಶಾಲು ‘ಖತಾ’ ಹಾಕಿ ಹರಸುತ್ತಿದ್ದರು. ಮುಂದೆ ಗಂಡಹೆಂಡಿರು ಮುನಿಸಿಕೊಂಡರೆ ಇಬ್ಬರನ್ನೂ ಎದುರುಬದುರು ಕೂರಿಸಿ ಬುದ್ಧಿ ಹೇಳುವವರೂ ಅವರೇ.

1990ರಲ್ಲಿ ಅಮೆರಿಕವು ಭಾರತ ಮತ್ತು ನೇಪಾಳದಲ್ಲಿದ್ದ 1,000 ಟಿಬೆಟನ್ನರಿಗೆ ವೀಸಾ ಕೊಡುವ ಕಾನೂನು ಮಾಡಿತು. ಮನೆಯಿಂದ ಒಬ್ಬರು ಮೊದಲು ಹೊರಟರು. ಉಳಿದವರು ವರ್ಷಗಟ್ಟಲೆ ಕಾದರು. ಪಕ್ಕದ ಕುಶಾಲನಗರದಲ್ಲಿ ನಮ್ಮ ಮನೆಯವರು ಎಸ್‌ಟಿಡಿ ಬೂತ್ ನಡೆಸುತ್ತಿದ್ದ ಕಾಲ ಅದು. ಗಾಜಿನ ಬಾಗಿಲೊಳಗೆ ಹೆಂಗಸರು ಮೀಟರಿನ ಕೆಂಪು ಅಂಕಿ ನೋಡುತ್ತಲೇ ಮಾತಾಡುತ್ತಿದ್ದರು. ಮಕ್ಕಳ ಫೀಸು, ಸ್ವೆಟರ್ ವ್ಯಾಪಾರದ ಸಾಲ, ಅತ್ತೆಯ ಮಂಡಿನೋವು ಮುಗಿಯುವಷ್ಟರಲ್ಲಿ ಕೈಯಲ್ಲಿದ್ದ ದುಡ್ಡೂ ಮುಗಿಯುತ್ತಿತ್ತು. ಗಂಡನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಕಾಸು ಬೇಕಿದ್ದ ದಿನಗಳವು.

2011ರಲ್ಲಿ ಬಂದ ವೀಚಾಟ್ ಈ ಲೆಕ್ಕವನ್ನೇ ಬದಲಿಸಿತು. ಫೇಸ್‌ಬುಕ್‌ಗೆ ಬಾಗಿಲು ಹಾಕಿದ್ದ ಚೀನಾದಲ್ಲಿ ಇದು ನಡೆಯುತ್ತಿತ್ತು. ಓದುಬರಹ ಬಾರದ ತಾಯಿಯೂ ಟಿಬೆಟಿನಿಂದ ದನಿ ಕಳಿಸಬಹುದಿತ್ತು, ಅಳಿಯನ ಮುಖ ನೋಡಬಹುದಿತ್ತು. ಯಾರೋ ಕದ್ದು ಕೇಳುತ್ತಾರೆಂಬ ಭಯಕ್ಕೆ ಮಾತು ಹವೆ, ಆರೋಗ್ಯ ದಾಟುತ್ತಿರಲಿಲ್ಲ. ಆದರೂ ಮದುವೆಗೆ ಹೆತ್ತವರ ಒಪ್ಪಿಗೆ ಸಿಗುವ ಕಾಲ ಮತ್ತೆ ಬಂದಿತ್ತು. 2020ರ ಜೂನ್ 29ರಂದು ಭಾರತ ನಿಷೇಧಿಸಿದ 59 ಚೀನೀ ಆ್ಯಪ್‌ಗಳಲ್ಲಿ ವೀಚಾಟ್ ಕೂಡ ಸೇರಿತ್ತು. ಎರಡು ದೇಶಗಳ ಗಡಿಯ ಜಗಳಕ್ಕೆ ಈ ಮನೆಗಳೂ ಬೆಲೆ ತೆತ್ತವು.

ಅಷ್ಟರಲ್ಲಿ ನಮ್ಮ ಬೂತ್ ಜೆರಾಕ್ಸ್ ಅಂಗಡಿಯಾಗಿತ್ತು. ಗಂಡ ನ್ಯೂಯಾರ್ಕಿನಲ್ಲಿ ಅಥವಾ ಟೊರಾಂಟೊದಲ್ಲಿ, ಹೆಂಡತಿ ಇಲ್ಲಿ. ಸಂಸಾರ ನಿಜವೆಂದು ವೀಸಾ ಅಧಿಕಾರಿಗೆ ತೋರಿಸಲು ಕರೆಗಳ ಪಟ್ಟಿ, ಫೋಟೊ, ಚಾಟಿನ ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆಸುತ್ತಾರೆ. ಇಬ್ಬರ ನಡುವಿನ ಮುದ್ದಿನ ಮಾತು ನನ್ನ ಯಂತ್ರದಿಂದ ಹೊರಬರುವಾಗ ನಾನು ಹಾಳೆ ಮಗುಚಿ ಇಡುತ್ತೇನೆ. ಕೆಲವರು ವರ್ಷಗಳ ಮೇಲೆ ಅದೇ ಫೋನ್ ಹಿಡಿದು ಮತ್ತೆ ಬರುತ್ತಾರೆ, ವಿಚ್ಛೇದನಕ್ಕೆ ವಕೀಲರು ಕೇಳಿದ ಹಾಳೆಗಳಿಗಾಗಿ. ಉತ್ತರವೇ ಬಾರದ ಸಂದೇಶಗಳು ಪುಟಗಟ್ಟಲೆ ಇರುತ್ತವೆ.

ಇದಕ್ಕೆ ಫೋನನ್ನು ದೂರುವವರಿದ್ದಾರೆ. ನಾನು ಒಪ್ಪುವುದಿಲ್ಲ. ದಂಪತಿಯನ್ನು ಅಗಲಿಸಿದ್ದು ಪಾಸ್‌ಪೋರ್ಟ್ ಇಲ್ಲದ ಬದುಕು, ವೀಸಾದ ಸರದಿ. ಅಷ್ಟು ವರ್ಷ ಅವರನ್ನು ಜೊತೆಗಿಟ್ಟದ್ದು ಫೋನು. ಆದರೆ ಒಂದು ನಷ್ಟ ನಿಜ. ಮುನಿಸು ಇಬ್ಬರ ಪರದೆಯೊಳಗೇ ಉಳಿದು, ಕೂರಿಸಿ ಕೇಳುವವರು ಇಲ್ಲದಂತಾಯಿತು. ಮದುವೆಯ ಹರಕೆ ವಿಡಿಯೊ ಕರೆಯಲ್ಲಿ ಬರಬಹುದಾದರೆ, ಮನೆ ಮುರಿಯುವ ಹೊತ್ತಿಗೆ ಹಿರಿಯರೂ ಅದೇ ಕರೆಯಲ್ಲಿ ಬಂದು ಕೂರಬೇಕು. ಒಡೆದೇ ತೀರಬೇಕಾದ ಸಂಸಾರವಾದರೂ ಸರಿ, ಇಲ್ಲಿ ಉಳಿದ ಹೆಣ್ಣಿಗೆ ಎದುರು ನಿಂತು ಉತ್ತರ ಹೇಳಿಯೇ ಗಂಡ ಬಿಡುಗಡೆ ಪಡೆಯಲಿ.