ಗಂಗಾಮೂಲದ ಮಗಳು

ನಮ್ಮ ಸಾಲಿಗ್ರಾಮಕ್ಕೆ ಹೊಸಬರು ಯಾರು ಬಂದರೂ ಮೊದಲು ಕರೆದುಕೊಂಡು ಹೋಗಿ ತೋರಿಸುವುದು ಶ್ರೀಪಾದತೀರ್ಥವನ್ನು. ಚೋಳದೇಶ ಬಿಟ್ಟು ಬಂದ ರಾಮಾನುಜಾಚಾರ್ಯರು ಇಲ್ಲಿ ತಂಗಿದ್ದರೆಂದೂ, ಅವರ ಪಾದದ ನೀರು ಸೇರಿದ ಈ ಕೊಳದಲ್ಲಿ ಮಿಂದವರೆಲ್ಲ ಶ್ರೀವೈಷ್ಣವರಾದರೆಂದೂ ಐತಿಹ್ಯ. ಆಚಾರ್ಯರ ಶಿಷ್ಯರಾದ ವಡುಗನಂಬಿ ನಮ್ಮೂರಿನವರೇ. ಈ ಕಥೆಯನ್ನು ಕೇಳುತ್ತಲೇ ಬೆಳೆದ ನನಗೆ, ಇದೂ ಒಂದು ಮತಾಂತರದ ಕಥೆಯಲ್ಲವೇ ಎಂದು ಹೊಳೆದದ್ದು ಐವತ್ತು ದಾಟಿದ ಮೇಲೆ, ಪಂಡಿತಾ ರಮಾಬಾಯಿಯವರ ಜೀವನವನ್ನು ಓದುವಾಗ.

ರಮಾಬಾಯಿಯವರ ಮಾತಿಗೆ ಮುಂಚೆ ನಮ್ಮ ದೊಡ್ಡತ್ತೆಯ ಮಾತು ಹೇಳಬೇಕು. ಅವರು ತಾತನ ತಂಗಿ. ಹತ್ತು ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು, ತೌರುಮನೆಯ ಅಡಿಗೆಮನೆಯಲ್ಲೇ ಮುದುಕಿಯಾದವರು. ವಿಷ್ಣುಸಹಸ್ರನಾಮ ಅವರಿಗೆ ಪೂರ್ತಿ ಬಾಯಿಗೆ ಬರುತ್ತಿತ್ತು. ಆದರೆ ಅಕ್ಷರ ಬರುತ್ತಿರಲಿಲ್ಲ. ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಪುಸ್ತಕ ತಂದು ನನ್ನ ಮುಂದಿಟ್ಟು, "ಬಾಯಲ್ಲಿ ಹೇಳಿ ಹೇಳಿ ಸಾಕಾಯ್ತು ಕಣೇ. ಮೊದಲನೇ ಹೆಸರು ಯಾವುದು, ಬೆರಳಿಟ್ಟು ತೋರಿಸು" ಎಂದರು. ಮಾರನೆಯ ದಿನದಿಂದ ಹಿತ್ತಿಲ ಜಗುಲಿಯಲ್ಲಿ ಸ್ಲೇಟು ಬಳಪ ಹಿಡಿದು ನಾನು ಮೇಷ್ಟ್ರಾದೆ. ಎಂಟು ದಿನವೂ ನಡೆಯಲಿಲ್ಲ. ತಾತ ನೋಡಿಬಿಟ್ಟರು. "ಈ ವಯಸ್ಸಿನಲ್ಲಿ ಅಕ್ಷರ ಕಲಿತು ಕಿರಿಸ್ತಾನರ ಜೊತೆ ಹೋಗಬೇಕೇನು?" ಎಂದರು. ಅತ್ತೆ ಸೆರಗಿನಿಂದ ಸ್ಲೇಟು ಒರೆಸಿ ಒಳಗೆ ಹೋದರು.

ಅಕ್ಷರಕ್ಕೂ ಕಿರಿಸ್ತಾನರಿಗೂ ಏನು ಸಂಬಂಧವೆಂದು ನನಗೆ ಆಗ ತಿಳಿಯಲಿಲ್ಲ. ತಾತನ ಭಯದ ಬೇರು ಎಲ್ಲಿಯದೆಂಬುದನ್ನು ತಿಳಿಸಿದ್ದು ರಮಾಬಾಯಿಯವರ ಕಥೆ.

ಅವರು ಹುಟ್ಟಿದ್ದು 1858ರ ಏಪ್ರಿಲ್ 23ರಂದು, ನಮ್ಮದೇ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಪುಣೆಯಲ್ಲಿ ಓದುತ್ತಿದ್ದಾಗ, ಪೇಶ್ವೆಯ ಮನೆಯ ಹೆಣ್ಣುಮಗಳೊಬ್ಬರು ತಮ್ಮ ಗುರುಗಳಿಂದ ಸಂಸ್ಕೃತ ಕಲಿಯುವುದನ್ನು ಕಂಡು, ತಮ್ಮ ಹೆಂಡತಿಗೂ ಕಲಿಸಬೇಕೆಂದು ಸಂಕಲ್ಪ ಮಾಡಿದರು. ಕೆಲವು ವರ್ಷ ಮೈಸೂರು ಅರಮನೆಯ ಆಶ್ರಯದಲ್ಲೂ ಇದ್ದರು. ಮೊದಲ ಹೆಂಡತಿ ಕಲಿಯಲೊಪ್ಪಲಿಲ್ಲ. ಆಕೆ ತೀರಿಕೊಂಡ ಮೇಲೆ ಕೈಹಿಡಿದ ಲಕ್ಷ್ಮೀಬಾಯಿ ಕಲಿತರು. ಹೆಣ್ಣಿಗೆ ದೇವಭಾಷೆಯೇ ಎಂದು ಜನ ತಿರುಗಿಬಿದ್ದಾಗ ಶಾಸ್ತ್ರಿಗಳು ಉಡುಪಿಯ ವಿದ್ವಾಂಸರ ಮುಂದೆ ನಿಂತು, ಶಾಸ್ತ್ರದಿಂದಲೇ ಆಧಾರ ತೆಗೆದು ತೋರಿಸಿದರು. ಆಮೇಲೆ ಗಂಗಾಮೂಲದ ಕಾಡು ಸೇರಿ ಆಶ್ರಮ ಕಟ್ಟಿದರು. ಪರಮ ಆಚಾರವಂತರೇ ಈ ಕೆಲಸ ಮಾಡಿದರೆಂಬುದನ್ನು ಗಮನಿಸಬೇಕು.

ಮಗುವಿಗೆ ಆರು ತಿಂಗಳಾದಾಗ ಕೈಯಲ್ಲಿದ್ದ ಹಣ ಕರಗಿ ಸಂಸಾರ ತೀರ್ಥಯಾತ್ರೆಗೆ ಹೊರಟಿತು. ರಮಾಬಾಯಿ ಬೆತ್ತದ ಬುಟ್ಟಿಯಲ್ಲಿ ಮಲಗಿ ಘಟ್ಟ ಇಳಿದರು. ದಾರಿಯುದ್ದಕ್ಕೂ ಪುರಾಣ ಹೇಳುವುದೇ ಜೀವನ, ತಾಯಿಯೇ ಗುರು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರಾದ ಮೇಲೊಬ್ಬರು ಹೋದರು. ಉಳಿದ ಅಣ್ಣ ತಂಗಿ ನಡೆದೂ ನಡೆದೂ 1878ರಲ್ಲಿ ಕಲ್ಕತ್ತೆ ಸೇರಿದರು. ಇಪ್ಪತ್ತು ವರ್ಷದ ಹುಡುಗಿಯ ಬಾಯಲ್ಲಿ ನಿರರ್ಗಳ ಸಂಸ್ಕೃತ ಕೇಳಿದ ಅಲ್ಲಿನ ವಿದ್ವಾಂಸರು 'ಪಂಡಿತಾ' ಎಂದೂ 'ಸರಸ್ವತಿ' ಎಂದೂ ಬಿರುದು ಕೊಟ್ಟರು. ಅಣ್ಣ 1880ರಲ್ಲಿ ತೀರಿಕೊಂಡ. ಅದೇ ವರ್ಷ ಜಾತಿ ಮೀರಿ ಮದುವೆಯಾದ ಗಂಡ ಬಿಪಿನ್ ಬಿಹಾರಿ ಮೇಧಾವಿ 1882ರಲ್ಲಿ ಕಾಲರಾಕ್ಕೆ ಬಲಿಯಾದರು. ಕೈಯಲ್ಲಿ ವರ್ಷ ತುಂಬದ ಮಗಳು ಮನೋರಮಾ.

ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ, ವಾಂಟೇಜಿನ ಕ್ರೈಸ್ತ ಸಂನ್ಯಾಸಿನಿಯರ ಬಳಿ ಇದ್ದು, ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನ ಪಡೆದರು. ಇದೂ ಸ್ನಾನವೇ. ನಮ್ಮೂರ ಕೊಳದ ಸ್ನಾನ ಪುಣ್ಯಕಥೆಯಾಯಿತು, ವಾಂಟೇಜಿನದು ದ್ರೋಹವಾಯಿತು. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆಚೆ ರಾಜ್ಯಭಾರ ಮಾಡುತ್ತಿದ್ದವರ ಮತವದು, ನಮ್ಮವರಿಗೆ ನೋವಾದದ್ದು ಸುಳ್ಳಲ್ಲ. ಆದರೆ ಮಿಂದವರ ಮನಸ್ಸಿನಲ್ಲಿ ಏನಿತ್ತೆಂದು ಎರಡು ಕಡೆಯೂ ಯಾರೂ ಕೇಳಲಿಲ್ಲ.

ಕೇಳಿದ್ದರೆ ಉತ್ತರ ಸಿಗುತ್ತಿತ್ತು. ದೀಕ್ಷೆ ಕೊಟ್ಟವರು ಇನ್ನು ನಮ್ಮ ಮಾತು ಕೇಳುತ್ತಾಳೆಂದುಕೊಂಡರು. ರಮಾಬಾಯಿ ತ್ರಿಯೇಕದೇವರ ತತ್ವವನ್ನೇ ಪ್ರಶ್ನಿಸಿ ಪತ್ರದ ಮೇಲೆ ಪತ್ರ ಬರೆದರು. ನಮ್ಮ ಪುರೋಹಿತರ ನೊಗದಿಂದ ಈಗ ತಾನೇ ಕತ್ತು ಬಿಡಿಸಿಕೊಂಡಿದ್ದೇನೆ, ಅಂಥದೇ ಇನ್ನೊಂದು ನೊಗಕ್ಕೆ ಕೊಡಲಾರೆ ಎಂಬುದು ಅವುಗಳ ತಾತ್ಪರ್ಯ. ಉಡುಪಿಯ ಸಭೆಯಲ್ಲಿ ನಿಂತ ಅಪ್ಪನ ಮಗಳೇ ಸರಿ.

1889ರಲ್ಲಿ ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಹುಡುಗಿಯರು ಕ್ರೈಸ್ತರಾಗುತ್ತಿದ್ದಾರೆಂಬ ಗುಲ್ಲೆದ್ದು 1893ರಲ್ಲಿ ರಾನಡೆ, ಭಂಡಾರ್ಕರರಂಥ ಹಿತೈಷಿಗಳೇ ಸಲಹಾ ಮಂಡಲಿ ಬಿಟ್ಟರು. 1896-97ರ ಬರದಲ್ಲಿ, ತಾವು ಹಿಂದೆ ಕಂಡಿದ್ದ ಹಸಿವನ್ನು ನೆನೆದು, ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹುಡುಗಿಯರನ್ನು ಕರೆತಂದರು. ಪುಣೆಯ ಬಳಿಯ ಕೇಡಗಾಂವ್‌ನ ಆ ನೆಲೆಗೆ 'ಮುಕ್ತಿ' ಎಂದು ಹೆಸರು. ಅಲ್ಲಿ ಓದು, ನೇಯ್ಗೆ, ಬೇಸಾಯ, ಅಚ್ಚುಕೂಟ ಎಲ್ಲವೂ ಹೆಂಗಸರ ಕೈಯಲ್ಲಿ.

1905ರ ಮಧ್ಯದಲ್ಲಿ ಆ ಹುಡುಗಿಯರ ಪ್ರಾರ್ಥನೆಯಲ್ಲಿ ಏನೋ ಕಟ್ಟೆಯೊಡೆಯಿತು. ಗಟ್ಟಿಯಾಗಿ ಅತ್ತರು, ಕೂಗಿ ಪ್ರಾರ್ಥಿಸಿದರು, ಮುಂದೆ ಅನ್ಯಭಾಷೆಗಳಲ್ಲಿ ಮಾತಾಡಿದರು. ಪೆಂಟೆಕೋಸ್ಟಲ್ ಪಂಥದ ಮೂಲವೆಂದು ಹೆಸರಾದ ಲಾಸ್ ಏಂಜಲೀಸಿನ ಕೂಟಗಳು ಶುರುವಾದದ್ದು 1906ರಲ್ಲಿ, ಅಂದರೆ ಮುಕ್ತಿಯ ನಂತರ. ಮುಕ್ತಿಯಲ್ಲಿದ್ದ ಅಮೆರಿಕದ ಮಿನ್ನಿ ಏಬ್ರಮ್ಸ್ ಇದನ್ನು ಕುರಿತು 1906ರಲ್ಲಿ ಪುಸ್ತಿಕೆ ಬರೆದು, ದಕ್ಷಿಣ ಅಮೆರಿಕದ ಚಿಲಿ ದೇಶದ ವಾಲ್ಪರೈಸೊ ಊರಲ್ಲಿದ್ದ ಗೆಳತಿ ಮೇ ಹೂವರ್‌ಗೆ ಕಳಿಸಿದರು. ಆಕೆಯ ಗಂಡ ವಿಲ್ಲಿಸ್ ಹೂವರ್ ಮೆಥಡಿಸ್ಟ್ ಪಾದ್ರಿ. ದಂಪತಿಗಳು ಓದಿದರು. 1909ರಲ್ಲಿ ಅಲ್ಲೂ ಅದೇ ಅಲೆ ಎದ್ದಿತು. ಹಿರಿಯರು ಒಪ್ಪಲಿಲ್ಲ. ಮರುವರ್ಷ ಅವರು ಹೊರಬಂದಾಗ ಹುಟ್ಟಿದ್ದು ಚಿಲಿಯ ಮೆಥಡಿಸ್ಟ್ ಪೆಂಟೆಕೋಸ್ಟಲ್ ಸಭೆ. ಯಾವ ಪಂಗಡಕ್ಕೂ ತಮ್ಮನ್ನು ಒಪ್ಪಿಸಿಕೊಳ್ಳದ ಗಂಗಾಮೂಲದ ಮಗಳು, ತಾವು ಕಾಣದ ಸೀಮೆಯ ಒಂದು ಪಂಗಡಕ್ಕೆ ಹೀಗೆ ದೂರದ ತಾಯಿಯಾದರು.

ಮುಕ್ತಿಯ ಗದ್ದಲದಲ್ಲಿ ನನಗೆ ಕೇಳಿಸುವುದು ಬೇರೆ. ಬರದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ, ಮಾತಾಡಬೇಡವೆಂದು ಹೇಳಿಸಿಕೊಂಡು ಬೆಳೆದ ಹುಡುಗಿಯರು ಒಮ್ಮೆಗೇ ಬಾಯಿಬಿಟ್ಟ ಸದ್ದು ಅದು. ರಮಾಬಾಯಿ ಅದನ್ನು ತಡೆಯಲಿಲ್ಲ. ಕೊನೆಯ ವರ್ಷಗಳಲ್ಲಿ ಹೀಬ್ರೂ, ಗ್ರೀಕ್ ಕಲಿತು, ಬೈಬಲ್ಲನ್ನು ಸಾಮಾನ್ಯರ ಮರಾಠಿಗೆ ತಂದರು. 1922ರ ಏಪ್ರಿಲ್ 5ರಂದು ತೀರಿಕೊಂಡರು. ಮಗಳು ಮನೋರಮಾ ಹಿಂದಿನ ವರ್ಷವೇ ಹೋಗಿದ್ದರು. ದೇವರ ಮಾತನ್ನು ನಾನೇ ಓದಿ ನೋಡುತ್ತೇನೆ ಎಂಬುದೇ ಅವರ ಬಾಳಿನ ಹಟವಾಗಿತ್ತು.

ನಮ್ಮ ದೊಡ್ಡತ್ತೆ ಕೇಳಿದ್ದೂ ಅಷ್ಟೇ. ಅವರು ಯಾರ ಜೊತೆಗೂ ಹೋಗುತ್ತಿರಲಿಲ್ಲ, ಸಹಸ್ರನಾಮದ ಒಳಕ್ಕೇ ಹೋಗುತ್ತಿದ್ದರು. ಇಷ್ಟು ದಿನ ತಪ್ಪನ್ನೆಲ್ಲ ತಾತನ ಮೇಲೆ ಹಾಕಿದ್ದೆ. ಆದರೆ ತಾತ ಹೋದ ಮೇಲೂ ಅತ್ತೆ ಐದು ವರ್ಷ ಇದ್ದರು. ನಾನಾಗ ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ. ರಜಕ್ಕೆ ಬಂದಾಗಲೆಲ್ಲ ಅವರು ಮಾಡಿದ ಹುಳಿಯನ್ನ ಉಂಡು, ಕಾಲೇಜಿನ ಸುದ್ದಿ ಹೇಳಿ, ಮರಳಿ ಬಸ್ಸು ಹತ್ತುತ್ತಿದ್ದೆ. ಸ್ಲೇಟು ಅಟ್ಟದ ಮೇಲೇ ಇತ್ತು. ಇಳಿಸಬೇಡವೆಂದು ಹೇಳುವವರು ಆಗ ಮನೆಯಲ್ಲಿ ಯಾರೂ ಇರಲಿಲ್ಲ.